ಎಕ್ಸೆಲ್ ಮೂರೂಕಾಲು ಗಂಟೆ ಅಂದಿತು, ಡ್ರೈಯರ್ ಹನ್ನೊಂದು ಗಂಟೆ ಓಡಿತು: ಯಾಕೆ?

ಪ್ರಶ್ನೆ: ನಾವು ಜಗಳೂರು ತಾಲ್ಲೂಕಿನವರು. ಕೆಲವು ರೈತರು ಸೇರಿ ಒಂದು ಡ್ರೈಯರ್ ಹಾಕಿಸಿದ್ದೇವೆ. ಕೆಳಗಿನಿಂದ ಬಿಸಿ ಗಾಳಿ ಊದುವಂಥದ್ದು. ಒಂದು ಸಲಕ್ಕೆ 20 ಕ್ವಿಂಟಲ್ ಮೆಕ್ಕೆಜೋಳ ಹಿಡಿಯುತ್ತೆ, ಎರಡು ಅಡಿ ದಪ್ಪ ಬರುತ್ತೆ. ಫ್ಯಾನ್ ಮೇಲೆ ಗಂಟೆಗೆ 3,600 ಘನ ಮೀಟರ್ ಅಂತ ಬರೆದಿದೆ. ಗಾಳಿ 45 ಡಿಗ್ರಿಗೆ ಬಿಸಿ ಮಾಡ್ತೀವಿ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಒಣಗಿಸುವಿಕೆಯ ಒಂದು ಸಮೀಕರಣ ಹುಡುಕಿ, ಗಂಟೆಗೆ 0.2 ಅನ್ನೋ ಸ್ಥಿರಾಂಕ (ಕಾಳು ಎಷ್ಟು ಬೇಗ ಒಣಗುತ್ತೆ ಅಂತ ಹೇಳುವ ಅಂಕಿ) ಹಾಕಿ, ಎಕ್ಸೆಲ್‌ನಲ್ಲಿ ಲೆಕ್ಕ ಮಾಡಿದ. 24 ಪರ್ಸೆಂಟ್ ತೇವ 14ಕ್ಕೆ ಇಳಿಯೋಕೆ ಮೂರೂಕಾಲು ಗಂಟೆ ಸಾಕು ಅಂತ ಬಂತು. ನಿಜವಾಗಿ ಹಿಡಿದದ್ದು ಹನ್ನೊಂದು ಗಂಟೆ. ಅದೂ ಕೆಳಗಿನ ಕಾಳು 9ಕ್ಕೆ ಬಂದು ಗರಿಗರಿ, ಮೇಲಿನದು ಇನ್ನೂ 18. ಸಮೀಕರಣವೇ ತಪ್ಪಾ? ಪೇಜ್ ಸಮೀಕರಣ ಹಾಕಿದರೆ ಸರಿಹೋಗುತ್ತಾ? ಇದೇ ಲೆಕ್ಕ ತೊಗರಿ, ಕಡಲೆ, ಶೇಂಗಾಕ್ಕೂ ನಡೆಯುತ್ತಾ?

ಉತ್ತರ:

ಸಮೀಕರಣ ಸರಿಯಾಗೇ ಇದೆ. ಆದರೆ ಅದು ಹೇಳುವುದು ಒಂದೇ ಸಾಲು ಕಾಳಿನ ಕಥೆ, ನೀವು ಕೇಳುತ್ತಿರುವುದು 20 ಕ್ವಿಂಟಲ್ ರಾಶಿಯ ಕಥೆ. ಒಣಗಿಸುವುದರಲ್ಲಿ ಎರಡು ಲೆಕ್ಕ ಇರುತ್ತವೆ. ಕಾಳಿನ ಒಳಗಿನ ನೀರು ಎಷ್ಟು ಬೇಗ ಹೊರಗೆ ಬರುತ್ತೆ ಅನ್ನೋದು ಒಂದು. ಹೊರಗೆ ಬಂದ ನೀರನ್ನು ಗಾಳಿ ಎಷ್ಟು ಹೊತ್ತುಕೊಂಡು ಹೋಗಬಲ್ಲದು ಅನ್ನೋದು ಇನ್ನೊಂದು. ಇವೆರಡರಲ್ಲಿ ಯಾವುದು ನಿಧಾನವೋ ಅದೇ ನಿಮ್ಮ ಸಮಯ ನಿರ್ಧರಿಸುತ್ತದೆ. ನಿಮ್ಮ ಡ್ರೈಯರ್‌ನಲ್ಲಿ ನಿಧಾನ ಆಗಿರೋದು ಗಾಳಿಯ ಲೆಕ್ಕ, ನಿಮ್ಮ ಮಗ ಮಾಡಿರೋದು ಕಾಳಿನ ಲೆಕ್ಕ. ನೀವು ಕೊಟ್ಟ ಅಂಕಿಗಳಿಂದಲೇ ಇದನ್ನು ತೋರಿಸಬಹುದು. ಹನ್ನೊಂದು ಗಂಟೆ ಎಲ್ಲಿಂದ ಬಂತು ಅಂತಲೂ ಹೇಳಬಹುದು.

ಮೊದಲು ಕಾಳಿನ ಲೆಕ್ಕವನ್ನೇ ಸರಿ ಮಾಡೋಣ, ಅದರಲ್ಲೂ ಒಂದು ದೋಷ ಇದೆ.

ಮಂಡಿಯಲ್ಲಿ ಮೀಟರ್ ತೋರಿಸುವ 24 ಪರ್ಸೆಂಟ್ ಹಸಿ ತೂಕದ ಲೆಕ್ಕ. ಅಂದರೆ 100 ಕೆಜಿ ಜೋಳದಲ್ಲಿ 24 ಕೆಜಿ ನೀರು, 76 ಕೆಜಿ ಒಣ ಪದಾರ್ಥ. ಆದರೆ ಸಮೀಕರಣಗಳಲ್ಲಿ ಬಳಸೋದು ಒಣ ತೂಕದ ಲೆಕ್ಕ: 24 ಭಾಗಿಸು 76, ಅಂದರೆ 31.6 ಪರ್ಸೆಂಟ್. ಹಾಗೆಯೇ 14 ಪರ್ಸೆಂಟ್ ಅನ್ನೋದು 16.3 ಆಗುತ್ತೆ. ಒಣ ತೂಕ ಯಾಕೆ ಅಂದರೆ, ನೀರು ಹೋಗ್ತಾ ಹೋಗ್ತಾ ಒಟ್ಟು ತೂಕ ಬದಲಾಗುತ್ತೆ, ಒಣ ಪದಾರ್ಥ ಮಾತ್ರ ಹಾಗೇ ಉಳಿಯುತ್ತೆ. ಬದಲಾಗದೇ ಇರೋದನ್ನೇ ತಾನೇ ಅಳತೆಗೋಲು ಮಾಡಿಕೊಳ್ಳಬೇಕು. ನಿಮ್ಮ ಮಗ ಇದನ್ನು ಸರಿಯಾಗೇ ಮಾಡಿದ್ದಾನೆ ಅಂತ ಉತ್ತರದಿಂದಲೇ ಗೊತ್ತಾಗುತ್ತೆ. ಸೀದಾ 24, 14 ಅಂತ ಹಾಕಿದ್ದರೆ ಎರಡೂಮುಕ್ಕಾಲು ಗಂಟೆ ಅಂತ ಬರುತ್ತಿತ್ತು.

ತಪ್ಪಿರೋದು ಮುಂದಿನ ಹೆಜ್ಜೆಯಲ್ಲಿ. 1921ರಲ್ಲಿ ಲೂಯಿಸ್ ಎಂಬುವರು ಹೇಳಿದ ಸರಳ ನಿಯಮ ಇದು: ಕಾಳಿನಲ್ಲಿ ಈಗಿರುವ ತೇವದಿಂದ ಸಮತೋಲನ ತೇವವನ್ನು ಕಳೆದರೆ ಏನು ಉಳಿಯುತ್ತೋ, ಒಣಗುವ ವೇಗ ಅದಕ್ಕೆ ತಕ್ಕ ಹಾಗಿರುತ್ತೆ. ಸಮತೋಲನ ತೇವ ಅಂದರೆ, ಆ ಬಿಸಿ, ಆ ಆರ್ದ್ರತೆಯ ಗಾಳಿಯಲ್ಲಿ ಕಾಳನ್ನು ಎಷ್ಟು ದಿನ ಇಟ್ಟರೂ ಅದಕ್ಕಿಂತ ಕೆಳಗೆ ಇಳಿಯದ ಮಟ್ಟ. ಎಷ್ಟೋ ಲೇಖನಗಳಲ್ಲಿ ಇದನ್ನು ಸೊನ್ನೆ ಅಂತ ಹಿಡಿದು, ಈಗಿನ ತೇವ ಭಾಗಿಸು ಮೊದಲಿನ ತೇವ ಅಂತ ಸುಲಭ ಮಾಡಿಬಿಡುತ್ತಾರೆ. ನಿಮ್ಮ ಮಗನ ಹಾಳೆಯಲ್ಲೂ ಆಗಿರೋದು ಅದೇ. ತರಕಾರಿ ಹೋಳು ಒಣಗಿಸುವಾಗ ಅದು ನಡೆಯುತ್ತೆ, ಯಾಕೆಂದರೆ ಅಲ್ಲಿ ಆರಂಭದ ತೇವ ಒಣ ತೂಕದ ಲೆಕ್ಕದಲ್ಲಿ ಕೆಲವು ನೂರು ಪರ್ಸೆಂಟ್ ಇರುತ್ತೆ, ಅದರ ಮುಂದೆ ಏಳೆಂಟು ಪರ್ಸೆಂಟ್ ಲೆಕ್ಕಕ್ಕೇ ಬರಲ್ಲ. ಮೆಕ್ಕೆಜೋಳದಲ್ಲಿ ನಡೆಯಲ್ಲ. ಹೊರಗಿನ ಗಾಳಿ 28 ಡಿಗ್ರಿ, ಆರ್ದ್ರತೆ 65 ಪರ್ಸೆಂಟ್ ಅಂತ ಇಟ್ಟುಕೊಳ್ಳೋಣ. ಅದನ್ನು 45ಕ್ಕೆ ಬಿಸಿ ಮಾಡಿದರೆ ಆರ್ದ್ರತೆ ಸುಮಾರು 26ಕ್ಕೆ ಇಳಿಯುತ್ತೆ. ಆ ಗಾಳಿಯಲ್ಲಿ ಮೆಕ್ಕೆಜೋಳದ ಸಮತೋಲನ ಒಣ ತೂಕದ ಲೆಕ್ಕದಲ್ಲಿ 7ರ ಹತ್ತಿರ ಬರುತ್ತೆ. ಈಗ 16.3ರಿಂದಲೂ 31.6ರಿಂದಲೂ 7 ಕಳೆದು ಭಾಗಿಸಿ ನೋಡಿ. 0.52 ಇದ್ದ ಅನುಪಾತ 0.38 ಆಗುತ್ತೆ. ಅದೇ 0.2 ಸ್ಥಿರಾಂಕಕ್ಕೆ ಸಮಯ ಮೂರೂಕಾಲು ಗಂಟೆಯಿಂದ ಸುಮಾರು 4.8 ಗಂಟೆಗೆ ಏರುತ್ತೆ. ಒಂದೇ ಒಂದು ಪದ ಬಿಟ್ಟದ್ದಕ್ಕೆ ಒಂದೂವರೆ ಗಂಟೆ ವ್ಯತ್ಯಾಸ!

ಇದರಲ್ಲೇ ಇನ್ನೊಂದು ಕಾಣುತ್ತೆ. 24ರಿಂದ 19ಕ್ಕೆ ಇಳಿಯೋಕೆ ಎರಡು ಗಂಟೆ, 19ರಿಂದ 14ಕ್ಕೆ ಎರಡೂಮುಕ್ಕಾಲು ಗಂಟೆಗೂ ಮೇಲೆ. ಐದು ಪಾಯಿಂಟ್ ಎರಡೂ ಕಡೆ ಒಂದೇ, ಸಮಯ ಒಂದೇ ಅಲ್ಲ. ಕೊನೆಯ ಪಾಯಿಂಟುಗಳೇ ದುಬಾರಿ.

ಸರಿ, 4.8 ಗಂಟೆ ಆಯ್ತು. ಹನ್ನೊಂದಕ್ಕೆ ಇನ್ನೂ ಆರು ಗಂಟೆ ಬಾಕಿ ಇದೆ. ಅದು ಗಾಳಿಯ ಖಾತೆಯಲ್ಲಿದೆ.

ನೂರು ಕೆಜಿ ಜೋಳ 24ರಿಂದ 14ಕ್ಕೆ ಬಂದರೆ ಎಷ್ಟು ನೀರು ಹೋಗುತ್ತೆ? ಹತ್ತು ಕೆಜಿ ಅಂತ ಎಲ್ಲರೂ ಹೇಳ್ತಾರೆ. ಅಲ್ಲ. 76 ಕೆಜಿ ಒಣ ಪದಾರ್ಥ ಈಗ ಒಟ್ಟು ತೂಕದ 86 ಪರ್ಸೆಂಟ್ ಆಗಬೇಕು, ಅಂದರೆ ಉಳಿಯುವ ತೂಕ 88.4 ಕೆಜಿ, ಹೋಗುವ ನೀರು 11.6 ಕೆಜಿ. ನಿಮ್ಮ 20 ಕ್ವಿಂಟಲ್‌ಗೆ ಸುಮಾರು 233 ಕೆಜಿ ನೀರು. ಇಷ್ಟನ್ನೂ ಗಾಳಿಯೇ ಹೊತ್ತು ಹೊರಗೆ ಹಾಕಬೇಕು. 28 ಡಿಗ್ರಿಯಿಂದ 45ಕ್ಕೆ ಬಿಸಿಯಾದ ಒಂದು ಕೆಜಿ ಗಾಳಿ, ಕಾಳಿನ ನಡುವೆ ತಣ್ಣಗಾಗುತ್ತಾ ಹೋಗಿ ಬಹುತೇಕ ತುಂಬಿಕೊಂಡು ಮೇಲೆ ಬರುವಷ್ಟರಲ್ಲಿ ಹೊತ್ತುಕೊಳ್ಳೋದು ಸುಮಾರು 6 ಗ್ರಾಂ ನೀರು, ಅಷ್ಟೇ. 233 ಕೆಜಿ ನೀರಿಗೆ ಸುಮಾರು 39 ಸಾವಿರ ಕೆಜಿ ಗಾಳಿ ಬೇಕು. ನಮ್ಮ ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳು. 45 ಡಿಗ್ರಿಯಲ್ಲಿ ಇಲ್ಲಿ ಒಂದು ಘನ ಮೀಟರ್ ಗಾಳಿ ಒಂದು ಕೆಜಿಗಿಂತ ಸ್ವಲ್ಪವೇ ಜಾಸ್ತಿ ತೂಗುತ್ತೆ. ಹಾಗಾಗಿ 37–38 ಸಾವಿರ ಘನ ಮೀಟರ್ ಗಾಳಿ. ನಿಮ್ಮ ಫ್ಯಾನ್ ಗಂಟೆಗೆ 3,600 ಕೊಟ್ಟರೆ ಹತ್ತೂವರೆ ಗಂಟೆ!

ನೋಡಿದಿರಾ, ಕಾಳಿನ ಒಳಗೆ ನೀರು ಹೇಗೆ ಹರಿಯುತ್ತೆ ಅನ್ನೋದರ ಬಗ್ಗೆ ಒಂದಕ್ಷರ ಹೇಳದೆ, ಸುಮ್ನೆ ನೀರು ಮತ್ತು ಗಾಳಿಯ ಜಮಾಖರ್ಚಿನಿಂದಲೇ ನಿಮ್ಮ ಹನ್ನೊಂದು ಗಂಟೆಯ ಹತ್ತಿರ ಬಂದೆವು. ಡ್ರೈಯರ್ ಬಗ್ಗೆ ಕೇಳುವ ಯಾರಿಗೇ ಆದರೂ ನಾನು ಮೊದಲು ಹೇಳೋದು ಇದನ್ನೇ: ಘಾತ, ಲಾಗರಿದಮ್ ಎಲ್ಲ ಆಮೇಲೆ, ಮೊದಲು ಈ ಗುಣಾಕಾರ ಭಾಗಾಕಾರ ಮಾಡಿ.

ಜಗಳೂರಿನಿಂದ ದಾವಣಗೆರೆಗೆ ಬೆಳಗಿನ ಬಸ್ಸು ಹೊರಟಾಗಲೇ ಸೀಟು ತುಂಬಿಬಿಟ್ಟರೆ ಮುಂದಿನ ಊರಿನವರು ಕೈ ಅಡ್ಡ ಹಾಕಿದರೂ ಹತ್ತೋಕೆ ಜಾಗ ಇರಲ್ಲ, ಅಲ್ವಾ? ಎರಡು ಅಡಿ ರಾಶಿಯಲ್ಲಿ ಆಗೋದೂ ಅದೇ. ಕೆಳಗಿನ ಕಾಳು ಸಿಕ್ಕಿದ ಒಣ ಗಾಳಿಯನ್ನೆಲ್ಲ ಬಳಸಿಕೊಂಡುಬಿಡುತ್ತೆ. ಮೇಲಿನ ಕಾಳಿಗೆ ತಲುಪೋದು ತಣ್ಣಗಿನ, ತೇವ ತುಂಬಿದ ಗಾಳಿ. ಅಲ್ಲಿ ಮೊದಲ ಕೆಲವು ಗಂಟೆ ಒಣಗುವ ಕೆಲಸವೇ ನಡೆಯಲ್ಲ. ಇತ್ತ ಕೆಳಗಿನ ಕಾಳು 14ಕ್ಕೆ ಬಂದ ಮೇಲೂ ಬಿಸಿ ಗಾಳಿ ನಿಲ್ಲಲ್ಲ. ಅದು ತನ್ನ ಸಮತೋಲನದ ಕಡೆಗೆ, ಅಂದರೆ ಹಸಿ ತೂಕದ ಲೆಕ್ಕದಲ್ಲಿ ಆರೂವರೆ ಪರ್ಸೆಂಟ್ ಕಡೆಗೆ, ಇಳಿಯುತ್ತಲೇ ಹೋಗುತ್ತೆ. ನಿಮಗೆ ಕೆಳಗೆ 9 ಸಿಕ್ಕಿದ್ದು ಅದಕ್ಕೇ. ಸರಾಸರಿ 14 ಅಂತ ಚೀಲಕ್ಕೆ ತುಂಬಿದರೆ ಆ 18ರ ಕಾಳು ಗೋದಾಮಿನಲ್ಲಿ ಬೂಸ್ಟು ಹಿಡಿಯುತ್ತೆ. ಮೆಕ್ಕೆಜೋಳಕ್ಕೆ ಬರುವ ಬೂಸ್ಟು ಬರೀ ಬಣ್ಣ ಕೆಡಿಸೋದಲ್ಲ. ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಬೂಸ್ಟು ಬೆಳೆದರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರುತ್ತೆ. ಕೋಳಿಗೂ ಹಸುವಿಗೂ ಮನುಷ್ಯರಿಗೂ ಅದು ಕೆಟ್ಟದ್ದು, ಬೇಯಿಸಿದರೂ ಪೂರ್ತಿ ಹೋಗಲ್ಲ. ಮೇಲಿನ ಪದರವನ್ನು ಸರಾಸರಿಯೊಳಗೆ ಮುಚ್ಚಬೇಡಿ ಅಂತ ನಾನು ಇಷ್ಟು ಒತ್ತಿ ಹೇಳೋದು ಇದಕ್ಕೇ.

ಹಾಗಾದರೆ ಮಗನ ಎಕ್ಸೆಲ್ ಹಾಳೆ ಎಸೆಯಬೇಕಾ? ಖಂಡಿತ ಬೇಡ. ಅದೇ ಹಾಳೆಯಲ್ಲಿ ಇನ್ನೂ ಹನ್ನೊಂದು ಸಾಲು ಸೇರಿಸಲಿ. 1968ರಲ್ಲಿ ಥಾಂಪ್ಸನ್ ಮತ್ತು ಜೊತೆಗಾರರು ಮೆಕ್ಕೆಜೋಳಕ್ಕೇ ಅಂತ ಮಾಡಿದ ದಾರಿ ಇದು, ಇವತ್ತಿಗೂ ಕಲಿಯೋಕೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಎರಡು ಅಡಿ ರಾಶಿಯನ್ನು ಐದು ಸೆಂಟಿಮೀಟರ್‌ನ ಹನ್ನೆರಡು ತೆಳು ಪದರ ಅಂತ ಭಾವಿಸಬೇಕು. ಸಮಯವನ್ನು ಐದೈದು ನಿಮಿಷಕ್ಕೆ ಕತ್ತರಿಸಬೇಕು. ಮೊದಲ ಪದರಕ್ಕೆ 45 ಡಿಗ್ರಿ ಗಾಳಿ ಬರುತ್ತೆ. ಆ ಗಾಳಿಗೆ ಸಮತೋಲನ ತೇವ ಎಷ್ಟು ಅಂತ ತೆಗೆದು, ತೆಳು ಪದರದ ಸಮೀಕರಣದಿಂದ, ಅಂದರೆ ಮೇಲೆ ಹೇಳಿದ ಲೂಯಿಸ್ ನಿಯಮದಿಂದ, ಐದು ನಿಮಿಷದಲ್ಲಿ ಎಷ್ಟು ನೀರು ಬಿಡುತ್ತೆ ಅಂತ ಲೆಕ್ಕ ಹಾಕಬೇಕು. ಆ ನೀರು ಗಾಳಿಗೆ ಸೇರಿತು, ಗಾಳಿ ತಣ್ಣಗಾಯಿತು. ಒಂದು ಕೆಜಿ ಗಾಳಿಗೆ ಒಂದು ಗ್ರಾಂ ನೀರು ಸೇರಿದರೆ ಸುಮಾರು 2.4 ಡಿಗ್ರಿ ಇಳಿಯುತ್ತೆ ಅಂತ ನೆನಪಿಟ್ಟುಕೊಂಡರೆ ಸಾಕು. ಹೀಗೆ ತಣ್ಣಗಾದ, ತೇವ ಸೇರಿದ ಗಾಳಿಯೇ ಎರಡನೇ ಪದರಕ್ಕೆ ಹೋಗುವ ಗಾಳಿ. ಹನ್ನೆರಡನೇ ಪದರದ ತನಕ ಹೀಗೇ ಮಾಡಿ, ಮತ್ತೆ ಕೆಳಗಿನಿಂದ ಮುಂದಿನ ಐದು ನಿಮಿಷ.

ನಿಮ್ಮ ಅಂಕಿ ಹಾಕಿ ಮೊದಲ ಐದು ನಿಮಿಷ ನೋಡೋಣ. ಒಂದು ಪದರದಲ್ಲಿ 127 ಕೆಜಿ ಒಣ ಪದಾರ್ಥ ಇದೆ. ಅದು ಸುಮಾರು ಅರ್ಧ ಕೆಜಿ ನೀರು ಬಿಡುತ್ತೆ. ಅಷ್ಟು ಹೊತ್ತಿನಲ್ಲಿ ಹಾದುಹೋಗುವ ಗಾಳಿ ಸುಮಾರು 310 ಕೆಜಿ. ಅಂದರೆ ಕೆಜಿಗೆ 1.7 ಗ್ರಾಂ, ಗಾಳಿ 45ರಿಂದ 41ಕ್ಕೆ ಇಳಿಯಿತು. ಒಂದೇ ಪದರಕ್ಕೆ ನಾಲ್ಕು ಡಿಗ್ರಿ! ಗಾಳಿ ಹೊರುವುದೇ ಒಟ್ಟು 6 ಗ್ರಾಂ ಅಂದಮೇಲೆ ಐದಾರು ಪದರ ದಾಟುವಷ್ಟರಲ್ಲಿ ಅದು ಬಹುತೇಕ ತುಂಬಿರುತ್ತೆ. ಮೇಲಿನ ಅರ್ಧ ಸುಮ್ನೆ ಕಾಯುತ್ತಾ ಕೂತಿರುತ್ತೆ. ಕಾಳನ್ನು ಬಿಸಿ ಮಾಡೋಕೆ ಹೋಗುವ ಶಾಖವನ್ನು ನಾನಿಲ್ಲಿ ಬಿಟ್ಟಿದ್ದೇನೆ, ಹಾಳೆಯಲ್ಲಿ ಸೇರಿಸಿದರೆ ಇನ್ನೂ ಒಳ್ಳೆಯದು.

ಎರಡು ಕಡೆ ಎಚ್ಚರ ಬೇಕು. ಒಂದು, ಮೇಲಿನ ಪದರದ ಗಾಳಿ ತಣ್ಣಗಿರುವುದರಿಂದ ಅಲ್ಲಿನ ಸ್ಥಿರಾಂಕ 0.2 ಇರಲ್ಲ, ಕಡಿಮೆ ಇರುತ್ತೆ. 40 ಡಿಗ್ರಿಯಲ್ಲೊಮ್ಮೆ 50ರಲ್ಲೊಮ್ಮೆ ಪ್ರಯೋಗ ಮಾಡಿ, ಸ್ಥಿರಾಂಕದ ಲಾಗರಿದಮನ್ನು ಕೆಲ್ವಿನ್ ತಾಪದ ವಿಲೋಮಕ್ಕೆ ಎದುರಾಗಿ ಗುರುತಿಸಿದರೆ ಒಂದು ಗೆರೆ ಸಿಗುತ್ತೆ. ನಡುವಿನ ತಾಪಕ್ಕೆ ಅದರಿಂದಲೇ ಬೆಲೆ ತೆಗೆಯಬಹುದು. ಇನ್ನೊಂದು, ಗಾಳಿಯ ಆರ್ದ್ರತೆ ನೂರು ದಾಟಿದ ಹಾಗೆ ಹಾಳೆ ತೋರಿಸಿದರೆ ಅಲ್ಲಿಗೆ ತಡೆದು, ಹೆಚ್ಚಾದ ನೀರನ್ನು ಕಾಳಿಗೇ ವಾಪಸ್ ಕೊಡಬೇಕು. ನಿಜದಲ್ಲೂ ಹಾಗೇ ಆಗುತ್ತೆ. ಮೊದಲ ಗಂಟೆಯಲ್ಲಿ ಮೇಲಿನ ಕಾಳು ಮುಟ್ಟಿದರೆ ಬೆವರಿದ ಹಾಗೆ ಇರುತ್ತಲ್ಲ, ಅದೇ ಇದು.

ಈಗ ಪೇಜ್ ಸಮೀಕರಣ. 1949ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪೇಜ್ ಅನ್ನೋರು ಬಿಡಿಸಿದ ಮೆಕ್ಕೆಜೋಳದ ಮೇಲೆ ಕೆಲಸ ಮಾಡಿ, ಲೂಯಿಸ್ ನಿಯಮದಲ್ಲಿರುವ ಸಮಯಕ್ಕೆ ಒಂದು ಘಾತ ಸೇರಿಸಿದರು. ಅದನ್ನು ಎನ್ ಅಂತ ಕರೀತಾರೆ. ಕಾಳು ಮೊದಮೊದಲು ಬೇಗ, ಆಮೇಲೆ ತೀರಾ ನಿಧಾನವಾಗಿ ಒಣಗುತ್ತೆ. ಹೊರಗಿನ ಪದರದ ನೀರು ಬೇಗ ಹೋಗುತ್ತೆ, ಒಳಗಿನದು ದೂರ ದಾಟಿ ಬರಬೇಕು. ಸರಳ ನಿಯಮ ಈ ಬಾಗನ್ನು ಹಿಡಿಯಲ್ಲ, ಪೇಜ್ ಹಿಡಿಯುತ್ತೆ. ಧಾನ್ಯದಲ್ಲಿ ಎನ್ ಸಾಮಾನ್ಯವಾಗಿ ಒಂದಕ್ಕಿಂತ ಕಡಿಮೆ. ಒಂದೇ ಸ್ಥಿರಾಂಕ ಸೇರಿಸಿ ಇಷ್ಟು ಸುಧಾರಣೆ ಕೊಡೋದರಿಂದ ನನಗೆ ಪೇಜ್ ಮೇಲೆ ಗೌರವ ಇದೆ. ನಿಮ್ಮ ಹಾಳೆಯ ಪ್ರತಿ ಪದರಕ್ಕೂ ಇದನ್ನೇ ಹಾಕಿ. ಆದರೆ ರಾಶಿಯ ಸಮಸ್ಯೆ ಇದರಿಂದ ಬಗೆಹರಿಯುತ್ತೆ ಅಂದುಕೊಳ್ಳಬೇಡಿ. ಅದೂ ತೆಳು ಪದರದ ಸಮೀಕರಣವೇ.

ಪೇಜ್ ಬಳಸುವಾಗ ಹುಡುಗರು ತಪ್ಪದೆ ಎಡವುವ ಜಾಗ ಒಂದಿದೆ. ಲೇಖನದಲ್ಲಿ ಸ್ಥಿರಾಂಕ ನಿಮಿಷದ ಲೆಕ್ಕದಲ್ಲಿ ಇದ್ದರೆ ಗಂಟೆಗೆ ಬದಲಾಯಿಸೋಕೆ 60ರಿಂದ ಗುಣಿಸ್ತಾರೆ. ಎನ್ ಒಂದೇ ಆಗಿದ್ದರೆ ಸರಿ. ಎನ್ 0.7 ಇದ್ದರೆ 60ರ 0.7 ಘಾತದಿಂದ ಗುಣಿಸಬೇಕು, ಅದು 17.6 ಮಾತ್ರ. 60 ಹಾಕಿದರೆ ಸ್ಥಿರಾಂಕ ಮೂರು ಪಟ್ಟಿಗೂ ಜಾಸ್ತಿ ಆಗಿಬಿಡುತ್ತೆ, ಕಾಳು ಕಾಗದದ ಮೇಲೆ ಕ್ಷಣದಲ್ಲಿ ಒಣಗಿಬಿಡುತ್ತೆ. ಪದರದ ಲೆಕ್ಕದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಪೇಜ್‌ನಲ್ಲಿ ಸಮಯ ಶುರುವಿನಿಂದ ಎಣಿಸುವಂಥದ್ದು, ಆದರೆ ನಿಮ್ಮ ಪದರದ ಗಾಳಿ ಐದು ನಿಮಿಷಕ್ಕೊಮ್ಮೆ ಬದಲಾಗುತ್ತೆ. ಹಾಗಾಗಿ ಪ್ರತಿ ಸಲ, ಈ ಗಾಳಿಯಲ್ಲೇ ಮೊದಲಿಂದ ಒಣಗಿದ್ದರೆ ಈಗಿನ ತೇವಕ್ಕೆ ಬರೋಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಅಂತ ಹಿಂದಕ್ಕೆ ಲೆಕ್ಕ ಮಾಡಿ, ಅದಕ್ಕೆ ಐದು ನಿಮಿಷ ಸೇರಿಸಿ ಮುಂದಿನ ತೇವ ತೆಗೆಯಬೇಕು.

ಇನ್ನು, ಹತ್ತು ಹದಿನಾಲ್ಕು ಸಮೀಕರಣ ಸಾಲಾಗಿ ಇಟ್ಟು, ಹೊಂದಾಣಿಕೆಯ ಅಂಕಿ 0.999 ಬಂದದ್ದೇ ಗೆದ್ದಿತು ಅಂತ ಘೋಷಿಸುವ ಲೇಖನಗಳು ನಿಮ್ಮ ಮಗನಿಗೆ ರಾಶಿ ರಾಶಿ ಸಿಗುತ್ತವೆ. ಅವುಗಳಿಂದ ರೈತರಿಗೆ ಹೆಚ್ಚು ಪ್ರಯೋಜನ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಾಲ್ಕು ಸ್ಥಿರಾಂಕ ಇರುವ ಸಮೀಕರಣ ಎರಡು ಇರುವುದಕ್ಕಿಂತ ಚೆನ್ನಾಗಿ ಹೊಂದಿಕೊಳ್ಳದೆ ಇನ್ನೇನು ಮಾಡುತ್ತೆ? ಹೊಂದಿಸಿದ ದಿನದ ಅಂಕಿಗೆ ಎಲ್ಲವೂ ಹೊಂದುತ್ತವೆ. ಬೇರೆ ದಿನ, ಬೇರೆ ತಾಪ, ಬೇರೆ ತಳಿಯ ಕಾಳಿಗೆ ಹಾಕಿ, ಎಷ್ಟು ಪಾಯಿಂಟ್ ತಪ್ಪಿತು ಅಂತ ನೋಡಬೇಕು. ಅರ್ಧ ಪಾಯಿಂಟ್ ಒಳಗೆ ಇದ್ದರೆ ನಿಮ್ಮ ಕೆಲಸಕ್ಕೆ ಬೇಕಾದಷ್ಟು. ಸಮೀಕರಣದ ರೂಪ ಯಾರದ್ದಾದರೂ ಇರಲಿ, ಅದರೊಳಗಿನ ಅಂಕಿ ಮಾತ್ರ ನಿಮ್ಮ ಕಾಳಿನದ್ದೇ ಆಗಬೇಕು.

ಅದನ್ನು ಪಡೆಯೋದು ಕಷ್ಟ ಏನಿಲ್ಲ. ಜಾಲರಿಯ ತಟ್ಟೆಯಲ್ಲಿ ಒಂದೇ ಸಾಲು ದಪ್ಪಕ್ಕೆ ಕಾಳು ಹರವಿ, ಡ್ರೈಯರ್‌ಗೆ ಗಾಳಿ ಒಳಬರುವ ಕಡೆ ಇಡಿ. ಒಂದು ಗ್ರಾಂ ತೋರಿಸುವ ತಕ್ಕಡಿಯಲ್ಲಿ ಮೊದಲ ಗಂಟೆ ಹತ್ತು ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ತೂಗಿ. ಅರ್ಧ ಕೆಜಿ ಕಾಳಾದರೂ ಇರಲಿ, ಇಲ್ಲದಿದ್ದರೆ ಒಂದು ಗ್ರಾಂ ಹೆಚ್ಚುಕಮ್ಮಿ ಆದರೂ ಲೆಕ್ಕ ಅಲುಗಾಡುತ್ತೆ. ಸಾಧ್ಯ ಆದರೆ ರಾತ್ರಿಯಿಡೀ ಬಿಟ್ಟು, ತೂಕ ಇಳಿಯೋದು ನಿಂತ ಮಟ್ಟವನ್ನೇ ಸಮತೋಲನ ಅಂತ ಹಿಡಿಯಿರಿ. ಒಣ ತೂಕ ಗೊತ್ತಾಗೋಕೆ ಅದೇ ಚೀಲದ ಸ್ವಲ್ಪ ಕಾಳನ್ನು 103 ಡಿಗ್ರಿ ಓವನ್‌ನಲ್ಲಿ 72 ಗಂಟೆ ಇಡಬೇಕು. ಇಡೀ ಮೆಕ್ಕೆಜೋಳಕ್ಕೆ ಇದು ಒಪ್ಪಿತವಾದ ವಿಧಾನ. ಮಗನ ಕಾಲೇಜಿನ ಲ್ಯಾಬಿನಲ್ಲಿ ಕೇಳಿ ನೋಡಲಿ, ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು. ಪ್ರತಿ ಸಲದ ತೇವದಿಂದಲೂ ಮೊದಲಿನ ತೇವದಿಂದಲೂ ಸಮತೋಲನ ಕಳೆದು ಭಾಗಿಸಿ, ಬಂದ ಅನುಪಾತದ ಲಾಗರಿದಮ್ ತೆಗೆದು ಸಮಯಕ್ಕೆ ಎದುರಾಗಿ ಗುರುತಿಸಿ. ನೇರ ಗೆರೆ ಬಂದರೆ ಸರಳ ನಿಯಮ ಸಾಕು. ಬಾಗಿದರೆ ಮೈನಸ್ ಚಿಹ್ನೆ ತೆಗೆದು ಇನ್ನೊಮ್ಮೆ ಲಾಗರಿದಮ್ ಮಾಡಿ, ಸಮಯದ ಲಾಗರಿದಮ್‌ಗೆ ಎದುರಾಗಿ ಹಾಕಿ. ಆ ಗೆರೆಯ ಓಟವೇ (ಸ್ಲೋಪ್) ಎನ್.

ಕೈಮೀಟರ್ ಮೇಲೆ ಪೂರ್ತಿ ನಂಬಿಕೆ ಬೇಡ. ಡ್ರೈಯರ್‌ನಿಂದ ತೆಗೆದ ಬಿಸಿ ಕಾಳಿನ ಹೊರಮೈ ಒಣಗಿರುತ್ತೆ, ಒಳಗೆ ನೀರಿರುತ್ತೆ. ಮೀಟರ್ ಕಡಿಮೆ ತೋರಿಸುತ್ತೆ. ತಣ್ಣಗಾಗಿ ಕೆಲವು ಗಂಟೆ ಕಳೆದ ಮೇಲೆ ಅದೇ ಕಾಳು ಜಾಸ್ತಿ ತೋರಿಸುತ್ತೆ. ಮಂಡಿಯಲ್ಲಿ ನಿಮ್ಮ ಮೀಟರಿಗೂ ಖರೀದಿದಾರರ ಮೀಟರಿಗೂ ಜಗಳ ಬರೋದರಲ್ಲಿ ಇದರದ್ದೂ ಒಂದು ಪಾಲಿದೆ.

ಡ್ರೈಯರ್ ಈಗ ಹೇಗೆ ಓಡಿಸಬೇಕು ಅಂತ ಕೇಳಿದರೆ: ಎರಡು ಅಡಿ ಬೇಡ, ಒಂದು ಅಡಿ ಹಾಕಿ. ಅದೇ ಫ್ಯಾನ್‌ನ ಗಾಳಿ ಈಗ ಕ್ವಿಂಟಲ್‌ಗೆ ಎರಡು ಪಟ್ಟು ಆಯ್ತು. ರಾಶಿಯ ತಡೆ ಕಡಿಮೆ ಆಗಿದ್ದಕ್ಕೆ ಫ್ಯಾನ್ ಇನ್ನೂ ಸ್ವಲ್ಪ ಜಾಸ್ತಿಯೇ ಊದುತ್ತೆ. ಎರಡು ಸಲ ತುಂಬುವ ಕೆಲಸ ಹೆಚ್ಚಾಗುತ್ತೆ ನಿಜ, ಆದರೆ ಕೆಳಗೆ ಮೇಲೆ ವ್ಯತ್ಯಾಸ ತುಂಬಾ ಇಳಿಯುತ್ತೆ. ಆಗದೇ ಇದ್ದರೆ ಎರಡು ಗಂಟೆಗೊಮ್ಮೆ ಸಲಿಕೆಯಲ್ಲಿ ಕೆಳಗು ಮೇಲು ಮಾಡಿ. ಬಿಸಿ ಏರಿಸಿ ಸಮಯ ಉಳಿಸೋಣ ಅನ್ನುವ ಆಸೆ ಬರುತ್ತೆ. ಬಿಸಿ ಏರಿಸಿದರೆ ಸಮಯ ಉಳಿಯುತ್ತೆ ಹೌದು, ಜೊತೆಗೆ ತಳದ ಕಾಳು ಇನ್ನೂ ಒಣಗಿ ಬಿರಿಯುತ್ತೆ. ಬೀಜಕ್ಕೆ ಇಟ್ಟ ಜೋಳ ಆದರೆ 43 ಡಿಗ್ರಿ ದಾಟಲೇಬಾರದು, ಮೊಳಕೆ ಹೋಗುತ್ತೆ. ನೀವು ಹಾಕುವ 45 ಮಾರಾಟದ ಕಾಳಿಗೆ ಪರವಾಗಿಲ್ಲ, ಬೀಜಕ್ಕೆ ಅಲ್ಲ. ಸೌದೆ ಎಷ್ಟು ಬೇಕು ಅನ್ನೋದೂ ಇದೇ ಲೆಕ್ಕದಲ್ಲಿ ಸಿಗುತ್ತೆ: ಆ 39 ಸಾವಿರ ಕೆಜಿ ಗಾಳಿಯನ್ನು 17 ಡಿಗ್ರಿ ಏರಿಸೋಕೆ, ಒಣ ಸೌದೆಯ ಶಾಖವೆಲ್ಲ ಗಾಳಿಗೇ ಸೇರಿದರೆ ಸುಮಾರು 45 ಕೆಜಿ. ಅರ್ಧ ಶಾಖ ಹೊಗೆ ಕೊಳವೆಯಲ್ಲಿ ಹೋಗುತ್ತಿದ್ದರೆ 90.

ಹಣದ ಮಾತೂ ಒಂದು ಸಾಲು ಬರೆದುಬಿಡ್ತೀನಿ. ಕ್ವಿಂಟಲ್ ಹಸಿ ಜೋಳ ಒಣಗಿ 88.4 ಕೆಜಿ ಆಯ್ತಲ್ಲ. 24ರ ಜೋಳಕ್ಕೆ 2,000 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ, 14ರ ಜೋಳಕ್ಕೆ 2,263 ಸಿಕ್ಕರೆ ಮಾತ್ರ ಸರಿಸಮ, ಅದೂ ಸೌದೆ ಕರೆಂಟು ಕೂಲಿ ಸೇರಿಸದೆ. ಹಾಕುವ ಮೊದಲು ಈ ಗುಣಾಕಾರ ಮಾಡಿಕೊಳ್ಳಿ.

ಕಣದಲ್ಲಿ ಬಿಸಿಲಿಗೆ ಹರವುವವರಿಗೂ ಇದೇ ಗಣಿತ ನಡೆಯುತ್ತೆ, ಅಲ್ಲಿ ಸಮತೋಲನ ತೇವ ಗಂಟೆಗೊಮ್ಮೆ ಬದಲಾಗುತ್ತೆ ಅಷ್ಟೇ. 30 ಡಿಗ್ರಿಯಲ್ಲಿ ಗಾಳಿಯ ಆರ್ದ್ರತೆ 40 ಇದ್ದರೆ ಮೆಕ್ಕೆಜೋಳ ಹಸಿ ತೂಕದ ಲೆಕ್ಕದಲ್ಲಿ 9ರ ತನಕ ಇಳಿಯಬಲ್ಲದು. 60 ಇದ್ದರೆ 12, 70ಕ್ಕೆ ಹೆಚ್ಚುಕಮ್ಮಿ 14, 80ಕ್ಕೆ ಹದಿನೈದೂವರೆಗೂ ಮೇಲೆ. ಮೋಡ ಮುಚ್ಚಿ ಆರ್ದ್ರತೆ 80 ಇರುವ ಅಕ್ಟೋಬರ್ ದಿನ ನೀವು ಎಷ್ಟೇ ಕಾಲಾಡಿಸಿ ತಿರುವಿದರೂ 14 ಮುಟ್ಟಲ್ಲ. ನಿಮ್ಮ ಶ್ರಮ ಕಡಿಮೆ ಆಯ್ತು ಅಂತಲ್ಲ, ಗಾಳಿ ಅಷ್ಟರ ಮೇಲೆ ತಗೊಳ್ಳಲ್ಲ. ರಾತ್ರಿ 20 ಡಿಗ್ರಿ, ಆರ್ದ್ರತೆ 90 ಆದರೆ ಸಮತೋಲನ ಹತ್ತೊಂಬತ್ತೂವರೆ! ಹಗಲು 15ಕ್ಕೆ ತಂದ ಕಾಳನ್ನು ಹಾಗೇ ತೆರೆದಿಟ್ಟರೆ ಬೆಳಗಿಗೆ ನೀರು ಕುಡಿದಿರುತ್ತೆ. ಹಾಗಾಗಿ ಸಂಜೆ ಇಬ್ಬನಿ ಬೀಳೋ ಮುಂಚೆ ಗುಡ್ಡೆ ಮಾಡಿ ತಾಡಪಾಲು ಮುಚ್ಚೋದು ಗಣಿತಕ್ಕೂ ಸರಿಯಾದ ಕೆಲಸ. ಹಾಳೆಯಲ್ಲಿ ಗಂಟೆಗಂಟೆಗೂ ಹೊಸ ಸಮತೋಲನ ಹಾಕಿ, ಉಳಿದ ಅಂತರವನ್ನು ಆ ಗಂಟೆಯ ಸ್ಥಿರಾಂಕಕ್ಕೆ ತಕ್ಕ ಹಾಗೆ ಇಳಿಸುತ್ತಾ ಹೋದರೆ ಮೂರು ದಿನದ ಬಿಸಿಲಿನ ಲೆಕ್ಕ ಚೆನ್ನಾಗೇ ಬರುತ್ತೆ. ರಸ್ತೆ ಮೇಲೆ ಮಾತ್ರ ಹರವಬೇಡಿ. ರಾತ್ರಿ ಬೈಕಿನವರು ಕಾಳಿನ ಮೇಲೆ ಜಾರಿ, ಅಂಚಿಗೆ ಇಟ್ಟ ಕಲ್ಲಿಗೆ ಬಡಿದು ಬೀಳ್ತಾರೆ.

ಚಿತ್ರದುರ್ಗದ ಕಡೆಯವರು ನಮ್ಮಲ್ಲಿ ಗುಡ್ಡದ ತುಂಬಾ ಗಾಳಿಯಂತ್ರ ನಿಲ್ಲಿಸುವಷ್ಟು ಗಾಳಿ ಇದೆ, ಕಾಳು ಬೇಗ ಒಣಗುತ್ತೆ ಅಂತಾರೆ. ತೆಳುವಾಗಿ ಹರವಿದ ಕಾಳಿಗೆ ಒಂದು ಮಟ್ಟ ದಾಟಿದ ಮೇಲೆ ಗಾಳಿಯ ವೇಗದಿಂದ ಅಷ್ಟೇನೂ ಲಾಭ ಇಲ್ಲ, ಅಲ್ಲಿ ತಡೆ ಇರೋದು ಕಾಳಿನ ಒಳಗೆ. ಅವರಿಗೆ ನಿಜವಾಗಿ ನೆರವಾಗೋದು ಅಲ್ಲಿನ ಗಾಳಿ ಒಣಗಿರೋದು.

ಬೇಳೆಕಾಳಿನ ಪ್ರಶ್ನೆಗೆ ಬರ್ತೀನಿ. ಸಮೀಕರಣದ ರೂಪ ಅದೇ, ಸ್ಥಿರಾಂಕ ಬೇರೆ. ಎಲ್ಲ ಒಂದೇ ಥರ ಇದ್ದರೆ ಒಣಗುವ ಸಮಯ ಕಾಳಿನ ಗಾತ್ರದ ವರ್ಗಕ್ಕೆ ತಕ್ಕಂತೆ ಏರುತ್ತೆ. ಐದು ಮಿಲಿಮೀಟರ್ ಕಾಳಿಗಿಂತ ಎಂಟು ಮಿಲಿಮೀಟರ್ ಕಾಳು ಎರಡೂವರೆ ಪಟ್ಟು ಸಮಯ ತಗೊಳ್ಳುತ್ತೆ. ಆದರೆ ದ್ವಿದಳ ಕಾಳಿನಲ್ಲಿ ಎಲ್ಲ ಒಂದೇ ಥರ ಇರಲ್ಲ, ಸಿಪ್ಪೆ ನೀರನ್ನು ತಡೆಯುತ್ತೆ. ಒಣ ಗಾಳಿ ಜೋರಾಗಿ ಹೊಡೆದರೆ ಸಿಪ್ಪೆ ಬೇಗ ಒಣಗಿ ಕುಗ್ಗುತ್ತೆ, ಒಳಗಿನ ಬೇಳೆ ಇನ್ನೂ ಉಬ್ಬಿಕೊಂಡೇ ಇರುತ್ತೆ, ಸಿಪ್ಪೆ ಬಿರಿಯುತ್ತೆ. ಸೋಯಾದಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಒಣಗಿಸುವ ಗಾಳಿಯ ಆರ್ದ್ರತೆ 40 ಪರ್ಸೆಂಟ್‌ಗಿಂತ ಕೆಳಗಿಳಿದರೆ ಸಿಪ್ಪೆ ಒಡೆಯೋದು ಜಾಸ್ತಿ. ನಿಮ್ಮ 45 ಡಿಗ್ರಿ ಗಾಳಿಯ ಆರ್ದ್ರತೆ 26 ಅಂತ ಆಗಲೇ ನೋಡಿದೆವಲ್ಲ. ಹಾಗಾಗಿ ಇಲ್ಲಿ ಎಷ್ಟು ಬೇಗ ಒಣಗಿಸಬಹುದು ಅಂತ ಹುಡುಕಬೇಡಿ, ಎಷ್ಟು ನಿಧಾನ ಮಾಡಿದರೆ ಕಾಳು ಉಳಿಯುತ್ತೆ ಅಂತ ಹುಡುಕಿ. ಇಷ್ಟು ಹೇಳಿ, ತೊಗರಿ ಕಡಲೆ ನಮ್ಮಲ್ಲಿ ಕಟಾವಿಗೆ ಬರೋದೇ ಒಣ ಹವೆಯ ತಿಂಗಳುಗಳಲ್ಲಿ. ಗಿಡದಲ್ಲೇ ಬಹುಪಾಲು ಒಣಗಿರುತ್ತೆ. ಅದಕ್ಕೆ ಸೌದೆ ಸುಡೋದು ಬೇಡ, ಬಿಸಿಲೇ ಸಾಕು.

ಶೇಂಗಾ ಹಾಗಲ್ಲ. ಚಳ್ಳಕೆರೆ ಕಡೆ ಮುಂಗಾರಿನ ಶೇಂಗಾ ಕೀಳುವಾಗ ಮಳೆ ಸಿಕ್ಕಿಬಿಟ್ಟರೆ ಡ್ರೈಯರ್ ಬೇಕೇ ಆಗುತ್ತೆ. ಆದರೆ 45 ಡಿಗ್ರಿ ಅದಕ್ಕೆ ಕೊಡಲೇಬೇಡಿ. ಗಾಳಿ 35 ಡಿಗ್ರಿ ದಾಟಬಾರದು, ಹೊರಗಿನ ಗಾಳಿಗಿಂತ ಏಳೆಂಟು ಡಿಗ್ರಿ ಏರಿಸಿದರೆ ಸಾಕು. ಜಾಸ್ತಿ ಬಿಸಿ ಕೊಟ್ಟರೆ ಬೀಜದ ರುಚಿ ಕೆಡುತ್ತೆ, ಸಿಪ್ಪೆ ಸುಲಿಯುತ್ತೆ, ಬೀಜ ಎರಡು ಹೋಳಾಗುತ್ತೆ. ಕಾಯಿಯ ತೂಕದಿಂದ ಲೆಕ್ಕ ಮಾಡಿದರೆ ಸಿಗೋದು ತೊಗಟೆ ಮತ್ತು ಬೀಜ ಎರಡರ ಸರಾಸರಿ. ತೊಗಟೆಯ ತೇವ ಬೇರೆ, ಬೀಜದ ತೇವ ಬೇರೆ. ಅಫ್ಲಾಟಾಕ್ಸಿನ್ ಭಯ ಇರೋದು ಬೀಜದಲ್ಲಿ, ಕೂಡಿಡುವಾಗ 7–8 ಪರ್ಸೆಂಟ್‌ಗೆ ಬರಬೇಕಾದದ್ದೂ ಬೀಜವೇ. ಹಾಗಾಗಿ ಪ್ರತಿ ಸಲ ಒಂದಷ್ಟು ಕಾಯಿ ಒಡೆದು ಬೀಜವನ್ನೇ ಬೇರೆಯಾಗಿ ಅಳೆಯಿರಿ, ಎಕ್ಸೆಲ್‌ನಲ್ಲಿ ಅದಕ್ಕೇ ಒಂದು ಸಾಲು ಬೇರೆ ಇಡಿ.

ಮಗ ಹನ್ನೆರಡು ಪದರದ ಹಾಳೆ ಮಾಡಿದ ಮೇಲೆ ಒಂದು ಅಡಿ ದಪ್ಪದ ಬ್ಯಾಚ್ ಓಡಿಸಿ, ತಳ, ನಡು, ಮೇಲೆ, ಮೂರು ಕಡೆಯ ತೇವ ಗಂಟೆಗೊಮ್ಮೆ ಬರೆದು ಕಳಿಸಿ. ಕಾಳು ತುಂಬಿದ ಮೇಲೆ ಫ್ಯಾನ್ ನಿಜವಾಗಿ ಎಷ್ಟು ಗಾಳಿ ಕೊಡುತ್ತೆ ಅಂತ ಅಳೆದ ಅಂಕಿಯೂ ಬೇಕು, ಮೇಲೆ ಅಂಟಿಸಿದ ಪಟ್ಟಿಯ ಅಂಕಿ ಸಾಲದು. ಅದು ಬಂದರೆ ನಿಮ್ಮ ಡ್ರೈಯರ್‌ಗೆ ಹೊಂದುವ ದಪ್ಪ, ಬಿಸಿ ಎರಡನ್ನೂ ಕೂತು ಲೆಕ್ಕ ಮಾಡೋಣ.